ಕರ್ತೃ ಇಲ್ಲದ ವಾಕ್ಯಗಳು

ಮಲೇಷ್ಯಾದ ಸೈಬರ್‌ಜಯಾದಲ್ಲಿರುವ ಕಂಪನಿಯಲ್ಲಿ ನಾನು ಮಾಡುವ ಕೆಲಸ ಏನೆಂದು ಮಂಗಳೂರಿನ ನೆಂಟರಿಗೆ ವಿವರಿಸುವುದು ಯಾವಾಗಲೂ ಕಷ್ಟ. "ಇಂಗ್ಲಿಷನ್ನು ಇಂಗ್ಲಿಷಿಗೆ ಭಾಷಾಂತರ ಮಾಡುತ್ತಾಳೆ" ಎಂದು ನನ್ನ ಗಂಡ ಹೇಳಿ ಅವರನ್ನು ನಗಿಸುತ್ತಾರೆ. ಅದರಲ್ಲಿ ಸುಳ್ಳೇನಿಲ್ಲ. ನಮ್ಮದು ಬೇರೆ ಬೇರೆ ದೇಶಗಳ ಕಚೇರಿಗಳ ಕಂಪ್ಯೂಟರುಗಳನ್ನು ಇಲ್ಲಿ ಕೂತೇ ನೋಡಿಕೊಳ್ಳುವ ಕಂಪನಿ. ಎಂಜಿನಿಯರುಗಳು ಗ್ರಾಹಕರಿಗೆ ಬರೆಯುವ ವರದಿ, ಮೇಲಿನವರು ಸಿಬ್ಬಂದಿಗೆ ಕಳಿಸುವ ಮೇಲ್, ಎಲ್ಲವೂ ಮೊದಲು ನನ್ನ ಕಡೆ ಬರುತ್ತವೆ. ಓದುವವರಿಗೆ ಒಂದೇ ಸಲಕ್ಕೆ ಅರ್ಥವಾಗುವ ಹಾಗೆ ಅವನ್ನು ತಿದ್ದಿ ಕೊಡುವುದು ನನ್ನ ಕೆಲಸ.

ನಾನು ಕಾನ್ವೆಂಟಿನಲ್ಲಿ ಕಲಿತದ್ದು ಗಂಜಿ ಹಾಕಿ ಇಸ್ತ್ರಿ ಮಾಡಿದ ಇಂಗ್ಲಿಷ್. 'ಕೈಂಡ್ಲಿ ಡೂ ದ ನೀಡ್‌ಫುಲ್' ಎಂದು ಬರೆಯದೆ ಪತ್ರ ಮುಗಿಸಿದರೆ ಮರ್ಯಾದೆ ಗೊತ್ತಿಲ್ಲದವಳು ಎಂದುಕೊಳ್ಳುತ್ತಾರೆ ಎಂಬ ಹೆದರಿಕೆ ಇತ್ತು. ಈ ಕೆಲಸ ಅದನ್ನೆಲ್ಲ ಬಿಡಿಸಿತು. ಒಂದು ವಾಕ್ಯ ಕೈಗೆ ಬಂದರೆ ನಾನು ಮೊದಲು ನೋಡುವುದು, ಇದನ್ನು ಮಾಡಿದವರು ಯಾರು ಎಂದು. ಒಬ್ಬ ಎಂಜಿನಿಯರ್ 'ಸರ್ವರ್ ಅನ್ನು ಸ್ಥಗಿತಗೊಳಿಸಲಾಗಿರುವುದು ಗಮನಕ್ಕೆ ಬಂದಿದೆ' ಎಂಬ ಧಾಟಿಯಲ್ಲಿ ಬರೆದಿದ್ದ. ಅವನ ಮೇಜಿನ ಹತ್ತಿರ ಹೋಗಿ ಯಾರು ನಿಲ್ಲಿಸಿದ್ದು ಎಂದು ಕೇಳಿದೆ. ಛಾವಣಿ ನೋಡಿದ, ಪಕ್ಕದವನನ್ನು ನೋಡಿದ, ಕೊನೆಗೆ, ಇಲ್ಲಿಯವರು ಪ್ರತಿ ಮಾತಿಗೂ ಅಂಟಿಸುವ 'ಲಾ' ಸೇರಿಸಿ, "ನಾನೇ ಲಾ" ಎಂದ. 'ನಾನು ಸರ್ವರ್ ನಿಲ್ಲಿಸಿದೆ' ಎಂದು ಬರೆದು ಕಳಿಸಿದೆವು. ಗ್ರಾಹಕರು ಕೋಪ ಮಾಡಿಕೊಳ್ಳಲಿಲ್ಲ, ಬದಲಿಗೆ ಧನ್ಯವಾದ ಹೇಳಿದರು.

ಆದರೆ ಇಂಥ ಕೆಲಸ ಮನುಷ್ಯರಿಗೆ ಒಂದು ಕೆಟ್ಟ ಚಾಳಿ ಅಂಟಿಸುತ್ತದೆ. ಯಾವ ಮಾತನ್ನೂ ಹಾಗೇ ನಂಬಲು ಆಗುವುದಿಲ್ಲ. ಮಗಳ ಶಾಲೆಯಿಂದ 'ಕೆಲವು ಪೋಷಕರು ತಡವಾಗಿ ಬರುತ್ತಿರುವುದು ಕಂಡುಬಂದಿದೆ' ಎಂದು ಸಂದೇಶ ಬಂದರೆ, ಕಂಡವರು ಯಾರು, ಆ ಕೆಲವರು ನಾವೇನಾ ಎಂದು ಯೋಚನೆ ಶುರು. ಪೂಜೆಯ ಸಮಯ ಬದಲಿಸಲು ತೀರ್ಮಾನಿಸಲಾಗಿದೆ ಎಂದು ಚರ್ಚಿನಲ್ಲಿ ಪಾದ್ರಿಗಳು ಓದಿದಾಗ ನಾನು ಗಂಡನ ಕಿವಿಯಲ್ಲಿ, ತೀರ್ಮಾನಿಸಿದ್ದು ಯಾರಂತೆ ಎಂದು ಕೇಳಿದ್ದೆ. ಅವರು ಮೊಣಕೈಯಿಂದ ತಿವಿದು ಸುಮ್ಮನಿರಿಸಿದ್ದರು.

ಈಗ ಹೇಳಹೊರಟದ್ದು ಆ ಚಾಳಿ ನನ್ನನ್ನು ಎಲ್ಲಿಗೆ ಕರೆದುಕೊಂಡು ಹೋಯಿತು ಎಂಬ ಕಥೆ.

ನಾವಿರುವುದು ಸೈಬರ್‌ಜಯಾಕ್ಕೆ ಹತ್ತಿರದ ಪುಚೊಂಗ್‌ನಲ್ಲಿ. ನಮ್ಮ ಕಾಂಡೋ ಅಪಾರ್ಟ್‌ಮೆಂಟಿನಿಂದ ಎರಡು ರಸ್ತೆ ಆಚೆ ಮೈಸೂರಿನ ಒಬ್ಬ ಗೆಳತಿ ಇದ್ದರು. ನನ್ನದೇ ಕಂಪನಿ. ಅವರು ಸಪೋರ್ಟ್ ತಂಡದ ಮುಖ್ಯಸ್ಥೆ. ಒಂದು ವಾರ ಅವರ ಕಾರು, ಮುಂದಿನ ವಾರ ನನ್ನದು ಎಂದು ವರ್ಷಗಳಿಂದ ಒಟ್ಟಿಗೆ ಹೋಗಿಬರುತ್ತಿದ್ದೆವು. ಮನೆಯಲ್ಲಿ ನಮ್ಮದು ಕೊಂಕಣಿ, ಆಫೀಸಿನಲ್ಲಿ ಇಂಗ್ಲಿಷ್. ಮಗಳು ಯಾವ ಭಾಷೆಯಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. ಹಾಗಾಗಿ ನನ್ನ ದಿನದ ಕನ್ನಡವೆಲ್ಲ ಆ ಕಾರಿನಲ್ಲೇ ಖರ್ಚಾಗುತ್ತಿತ್ತು. ಅವರು ನನ್ನ 'ಎಂತ', 'ಉಂಟು'ಗಳನ್ನು ಅಣಕಿಸುತ್ತಿದ್ದರು, ನಾನು ಅವರ 'ಕಣ್ರೀ'ಯನ್ನು. ಟೋಲ್ ಹತ್ತಿರ ಟ್ರಾಫಿಕ್ ನಿಂತರೂ ನಮಗೆ ಬೇಸರ ಆಗುತ್ತಿರಲಿಲ್ಲ.

ಅವರ ಪರಿಸ್ಥಿತಿ ನನ್ನದಕ್ಕಿಂತ ಬೇರೆ. ನನಗೂ ನನ್ನ ಗಂಡನಿಗೂ ಬೇರೆ ಬೇರೆ ಕಂಪನಿಗಳ ಕೆಲಸ, ಬೇರೆ ಬೇರೆ ವರ್ಕ್ ಪಾಸ್. ಅವರ ಗಂಡ ಬೆಂಗಳೂರಿನ ಕೆಲಸ ಬಿಟ್ಟು ಹೆಂಡತಿಯ ಜೊತೆ ಬಂದವರು. ಗಂಡ, ಮಗಳು ಇಬ್ಬರೂ ಈ ದೇಶದಲ್ಲಿ ಇದ್ದದ್ದು ಅವರೊಬ್ಬರ ಪಾಸಿನ ಆಧಾರದ ಮೇಲೆ. ಅವರ ಕೆಲಸ ಹೋದರೆ ಮೂವರೂ ಗಂಟುಮೂಟೆ ಕಟ್ಟಬೇಕು. ಆ ವರ್ಷ ಅವರ ಮಗಳು ಶಾಲೆಯ ದೊಡ್ಡ ಪರೀಕ್ಷೆಗೆ ಕೂರುವವಳಿದ್ದಳು.

ಒಂದು ಸೋಮವಾರ ಬೆಳಿಗ್ಗೆ ನಮ್ಮ ನಿರ್ದೇಶಕರು ನನ್ನನ್ನು ತಮ್ಮ ಕೋಣೆಗೆ ಕರೆದರು. ಇಲ್ಲಿನ ಇಪೋ ಊರಿನ ಕಡೆಯ ಚೀನೀ ಮನೆತನದವರು, ಐವತ್ತು ದಾಟಿದ ಮೃದು ಮಾತಿನ ಮನುಷ್ಯ. ಎಲ್ಲ ಸಿಬ್ಬಂದಿಗೆ ಕಳಿಸಬೇಕಾದ ಒಂದು ಮೇಲ್ ಅವರ ಪರದೆಯ ಮೇಲಿತ್ತು. ಕನ್ನಡಕ್ಕೆ ತಂದರೆ ಅದು ಹೆಚ್ಚುಕಡಿಮೆ ಹೀಗೆ: 'ಈ ವಲಯದಲ್ಲಿನ ನಮ್ಮ ಕಾರ್ಯಾಚರಣೆಯ ವ್ಯಾಪ್ತಿಯನ್ನು ಮುಂದಿನ ಅಗತ್ಯಗಳಿಗೆ ಹೊಂದಿಸುವ ದೃಷ್ಟಿಯಿಂದ ಪರಿಶೀಲಿಸಲಾಗುತ್ತಿದ್ದು, ಸಂಬಂಧಪಟ್ಟವರಿಗೆ ಸೂಕ್ತ ಸಮಯದಲ್ಲಿ ತಿಳಿಸಲಾಗುವುದು.'

"ಸ್ವಲ್ಪ ಸರಳ ಮಾಡಿ. ಓದುವವರಿಗೆ ಬೆಚ್ಚಗೆ ಅನ್ನಿಸಬೇಕು" ಎಂದರು.

"ಪರಿಶೀಲಿಸುತ್ತಿರುವುದು ಯಾರು?" ಎಂದು ಕೇಳಿದೆ.

"ಕಂಪನಿ."

"ಕಂಪನಿಯಲ್ಲಿ ಯಾರು? ಏನನ್ನು? ಸಂಬಂಧಪಟ್ಟವರು ಅಂದರೆ?"

ಅವರು ಚಹಾದ ಮಗ್ಗನ್ನು ಆ ಕಡೆಯಿಂದ ಈ ಕಡೆ ಇಟ್ಟರು. "ಅಷ್ಟೆಲ್ಲ ಬೇಡ ಲಾ. ಸ್ಮೂತ್ ಆಗಿ ಇದ್ದರೆ ಸಾಕು. ಇನ್ನೊಂದು ವಿಷಯ, ಇದನ್ನು ಯಾರ ಜೊತೆಯೂ ಮಾತಾಡಬೇಡಿ."

ಉದ್ದ ವಾಕ್ಯವನ್ನು ಮುರಿದು ಎರಡು ಮಾಡಿದೆ. ದಪ್ಪ ದಪ್ಪ ಶಬ್ದಗಳನ್ನು ತೆಗೆದೆ. ಓದಲು ಸಲೀಸಾಯಿತು, ಆದರೆ ಅರ್ಥ ಒಂದಿಷ್ಟೂ ಹೆಚ್ಚಲಿಲ್ಲ. ಒಳಗೆ ಏನೂ ಇಲ್ಲದ್ದನ್ನು ನಾನು ಹೇಗೆ ಸ್ಪಷ್ಟ ಮಾಡಲಿ? ಇವರಿಗೆ ಎಲ್ಲ ಗೊತ್ತಿದೆ, ಹೇಳುತ್ತಿಲ್ಲ ಎಂದು ಆ ಕೋಣೆಯಿಂದ ಹೊರಬರುವಾಗಲೇ ನಾನು ತೀರ್ಮಾನಿಸಿದ್ದೆ.

ಮೇಲ್ ಹೋಯಿತು. ಮರುದಿನ ಬೆಳಿಗ್ಗೆ ಕಾರಿನಲ್ಲಿ ಕೂತು ಬೆಲ್ಟ್ ಹಾಕುವ ಮೊದಲೇ ಗೆಳತಿ ಕೇಳಿದರು.

"ಆ ಮೇಲ್ ನೀವೇ ಬರ್ದಿದ್ದಲ್ವೇನ್ರೀ?"

"ತಿದ್ದಿದ್ದು ನಾನು."

"ಹಂಗಾದ್ರೆ ಹೇಳಿ, ಏನರ್ಥ ಅದಕ್ಕೆ?"

"ನಂಗೂ ಗೊತ್ತಿಲ್ಲ ಮಾರಾಯ್ರೆ. ಕೇಳಿದೆ, ಅವ್ರು ಹೇಳ್ಲಿಲ್ಲ."

ಅವರು ನಕ್ಕರು. ಎಂದಿನ ನಗು ಅಲ್ಲ. "ಅಲ್ಲಾ ಕಣ್ರೀ, ಅರ್ಥ ಗೊತ್ತಿಲ್ದೇನೇ ಅರ್ಥ ಆಗೋ ಹಂಗೆ ಬರೀತೀರಾ? ನಿಮ್ ಕೆಲ್ಸಾನೇ ಅದಲ್ವಾ?"

ನಾನು ನಿಜ ಹೇಳಿದ್ದೆ, ಆದರೆ ಅದು ನನ್ನ ಕಿವಿಗೇ ಸುಳ್ಳಿನ ಹಾಗೆ ಕೇಳಿತು. ಸೈಬರ್‌ಜಯಾ ತಲುಪುವವರೆಗೆ ಇಬ್ಬರೂ ಮಕ್ಕಳ ಊಟದ ವಿಷಯ ಮಾತಾಡಿದೆವು.

ಆ ವಾರದಿಂದ ಆಫೀಸಿನ ಗಾಳಿಯೇ ಬದಲಾಯಿತು. ನಾನು ಪ್ಯಾಂಟ್ರಿಗೆ ಹೋದರೆ ಮಾತು ನಿಲ್ಲುತ್ತಿತ್ತು. ಕಾಫಿ ಯಂತ್ರದ ಮುಂದೆ ನಿಂತವರು "ಬನ್ನಿ ಬನ್ನಿ" ಎಂದು ಬೇಕಾದ್ದಕ್ಕಿಂತ ಹೆಚ್ಚು ಜಾಗ ಬಿಡುತ್ತಿದ್ದರು. ಒಬ್ಬ ಹುಡುಗಿ ನನ್ನ ಮೇಜಿನ ಪಕ್ಕ ನಿಂತು ಹವಾಮಾನದ ಮಾತಾಡುತ್ತ ನನ್ನ ಪರದೆಯ ಮೇಲೆ ಕಣ್ಣಾಡಿಸಿ ಹೋದಳು. ಜನ ಆ ಮೇಲನ್ನು ಹಿಂದೆಮುಂದೆ ಓದುತ್ತಿದ್ದರು. 'ವಲಯ' ಅಂದರೆ ಮಲೇಷ್ಯಾ ಮಾತ್ರವೋ, ಅಥವಾ ಎಲ್ಲ ದೇಶಗಳೋ? 'ಮುಂದಿನ' ಅಂದರೆ ಈ ವರ್ಷವೋ? ನಾನು ಚೆನ್ನಾಗಿ ಕೇಳಿಸುತ್ತದೆಂದು ಹಾಕಿದ್ದ ಒಂದು ಶಬ್ದಕ್ಕೂ ಯಾರೋ ಗುಪ್ತ ಅರ್ಥ ಕಂಡುಹಿಡಿದಿದ್ದರು. ಅದರಲ್ಲಿ ಏನೂ ಇಲ್ಲ ಎಂದು ಹೇಳಲು ಹೋದರೆ ಸಂಶಯ ಇನ್ನೂ ಗಟ್ಟಿಯಾಗುತ್ತಿತ್ತು.

ಗೆಳತಿಯೂ ದೂರವಾಗತೊಡಗಿದರು. ಬೆಳಿಗ್ಗೆ ಸಂದೇಶ ಬರುತ್ತಿತ್ತು: 'ಇವತ್ತು ಸ್ವಲ್ಪ ಬೇಗ ಹೋಗಬೇಕಾಗಿದೆ, ನೀವು ಆಮೇಲೆ ಬನ್ನಿ.' ಇನ್ನೊಂದು ದಿನ, 'ಕಾರು ಸರ್ವಿಸ್‌ಗೆ ಹೋಗಿದೆ.' ನಾನು ಅವರ ಸಂದೇಶಗಳನ್ನೂ ಆಫೀಸಿನ ವರದಿಗಳ ಹಾಗೆ ಓದಲು ಶುರು ಮಾಡಿದೆ. ಹೋಗಬೇಕಾಗಿದೆ ಅಂದರೆ ಯಾತಕ್ಕೆ? ಕಾರು ತಾನಾಗಿ ಸರ್ವಿಸ್‌ಗೆ ಹೋಗುತ್ತದೆಯೇ? ಕನ್ನಡದಲ್ಲಿ ಹೀಗೆ ಮಾತಾಡುವುದು ಸಹಜ, ನಾನೂ ಹಾಗೇ ಮಾತಾಡುತ್ತೇನೆ. ಆದರೆ ಆಗ ಅದು ಹೊಳೆಯಲಿಲ್ಲ. ಇವರು ನನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬುದಷ್ಟೇ ತಲೆಯಲ್ಲಿತ್ತು.

ಒಂದು ಮಧ್ಯಾಹ್ನ ಊಟ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿಕೊಂಡು ಬರಲು ಆಫೀಸಿನ ಹಿಂದಿನ ಮಾಮಕ್ ಅಂಗಡಿಗೆ, ತಮಿಳು ಮುಸ್ಲಿಮರ ಹೋಟೆಲಿಗೆ, ಹೋಗಿದ್ದೆ. ಕಟ್ಟಿ ಕೊಡುವುದು ತಡವಾಗಿ ಆಚೀಚೆ ನೋಡುತ್ತ ನಿಂತಾಗ ಮೂಲೆಯ ಮೇಜಿನಲ್ಲಿ ಗೆಳತಿ ಕಂಡರು. ಎದುರಿಗೆ ಎಚ್‌ಆರ್‌ನ ಮುಖ್ಯಸ್ಥೆ. ಇಬ್ಬರೂ ತಲೆ ಹತ್ತಿರ ತಂದು ಮಾತಾಡುತ್ತಿದ್ದರು. ಚಹಾ ಹಾಗೇ ಆರುತ್ತಿತ್ತು. ನನ್ನನ್ನು ಕಂಡ ಗೆಳತಿ ಒಂದು ಕ್ಷಣ ಗಲಿಬಿಲಿಗೊಂಡು ಆಮೇಲೆ ಕೈ ಬೀಸಿದರು. ನಾನೂ ಬೀಸಿದೆ.

ಅದಾದ ಸ್ವಲ್ಪ ದಿನಕ್ಕೆ ಅದೇ ಎಚ್‌ಆರ್ ಮುಖ್ಯಸ್ಥೆ ನನ್ನನ್ನು ಕರೆದು, ತುಂಬ ನಯವಾಗಿ, ಆ ಮೇಲ್‌ನ ಬಗ್ಗೆ ಸಪೋರ್ಟ್ ತಂಡದ ಯಾರ ಜೊತೆಗಾದರೂ ಮಾತಾಡಿದ್ದೀರಾ ಎಂದು ಕೇಳಿದರು. ನನ್ನ ಕಿವಿ ಬಿಸಿಯಾಯಿತು. ಇಲ್ಲ ಎಂದೆ. ಹೊರಗೆ ಬಂದವಳೇ ಮನಸ್ಸಿನಲ್ಲಿ ಎರಡಕ್ಕೆ ಎರಡು ಕೂಡಿಸಿದೆ. ಕಾರಿನಲ್ಲಿ ಆಡಿದ ಮಾತು ಅಲ್ಲಿಗೆ ತಲುಪಿದೆ, ತಲುಪಿಸಿದ್ದು ಇವರೇ, ತಮ್ಮ ಕೆಲಸ ಉಳಿಸಿಕೊಳ್ಳಲು ನನ್ನನ್ನು ಮುಂದೆ ತಳ್ಳುತ್ತಿದ್ದಾರೆ. ಅವರು ಅಂಥವರಲ್ಲ ಎಂದು ಗಂಡ ಹೇಳಿದರು. "ನಿಮಗೆ ಗೊತ್ತಿಲ್ಲ" ಎಂದು ಅವರ ಬಾಯಿ ಮುಚ್ಚಿಸಿದೆ.

ಮುಂದಿನ ವಾರ ಮಗಳ ಹಲ್ಲಿನ ತಂತಿ ಬಿಗಿ ಮಾಡಿಸಲು ಅರ್ಧ ದಿನ ರಜೆ ಹಾಕಿ ಬಾಂಗ್ಸಾರ್‌ಗೆ ಹೋಗಿದ್ದೆವು. ಹುಷಾರಿಲ್ಲ, ಮನೆಯಲ್ಲೇ ಇದ್ದೀನಿ ಎಂದು ಗೆಳತಿ ಅವತ್ತು ಬೆಳಿಗ್ಗೆ ಸಂದೇಶ ಕಳಿಸಿದ್ದರು. ದಂತವೈದ್ಯರ ಕ್ಲಿನಿಕ್ಕಿನಿಂದ ಇಳಿದು ಬರುತ್ತಿದ್ದಾಗ ಮಗಳು ನನ್ನ ತೋಳು ಹಿಡಿದು, "ಮಮ್ಮಿ, ಅದು ಆಂಟಿ ಅಲ್ವಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಎದುರಿನ ಆಫೀಸು ಕಟ್ಟಡದ ಗಾಜಿನ ಬಾಗಿಲಿನಿಂದ ಹೊರಬರುತ್ತಿದ್ದವರು ಅವರೇ. ಮಡಿಕೆ ಮುರಿಯದ ಕೋಟು, ಎತ್ತಿ ಕಟ್ಟಿದ ಕೂದಲು. ಹುಷಾರಿಲ್ಲದವರ ಲಕ್ಷಣ ಯಾವುದೂ ಇರಲಿಲ್ಲ.

ಮಗಳು ಕೂಗಲು ಬಾಯಿ ತೆರೆದಳು. "ಬೇಡ, ಸುಮ್ಮನಿರು" ಎಂದೆ.

"ವೈ?"

ಅವಳಿಗೆ ಏನೆಂದು ಹೇಳುವುದು? ಒಂದು ಅಂಗಡಿಯ ಕಂಬದ ಮರೆಯಲ್ಲಿ ನಿಂತು, ನನ್ನ ವರ್ಷಗಳ ಗೆಳತಿ ಕಾರು ಹತ್ತಿ ಹೋಗುವವರೆಗೆ ಕಾದೆ. ನನ್ನನ್ನು ನೋಡಿ ನನಗೇ ಅಸಹ್ಯವಾಯಿತು. ಆದರೂ ಕಂಬದ ಮರೆ ಬಿಟ್ಟು ಹೊರಬರಲಿಲ್ಲ.

ಈ ನಡುವೆ ನಿರ್ದೇಶಕರು ಎರಡನೆಯ ಮೇಲ್‌ನ ಕರಡು ಕಳಿಸಿದರು. ಮೊದಲಿನದರ ತಂಗಿಯ ಹಾಗಿತ್ತು. ಅಲ್ಲಿ 'ಪರಿಶೀಲಿಸಲಾಗುತ್ತಿದೆ' ಎಂದಿದ್ದದ್ದು ಇಲ್ಲಿ 'ಪರಿಶೀಲನೆ ಮುಂದುವರಿದಿದೆ' ಎಂದಾಗಿತ್ತು. ಈ ಸಲ ನಾನು ತಿದ್ದಲಿಲ್ಲ. ಎದ್ದು ಅವರ ಕೋಣೆಗೆ ಹೋದೆ.

"ಇದನ್ನು ನಾನು ಬರೆಯಲಾರೆ" ಎಂದೆ. "ಏನು ನಡೆಯುತ್ತಿದೆ ಎಂದು ನನಗೆ ಹೇಳಿ. ಹೇಳುವ ಹಾಗಿಲ್ಲದಿದ್ದರೆ, ಹೇಳುವ ಹಾಗಿಲ್ಲ ಎಂದಾದರೂ ಬರೆಯೋಣ. ಇದನ್ನು ಓದಿ ಜನ ಒಬ್ಬರ ಮುಖ ಒಬ್ಬರು ನೋಡುವುದನ್ನು ಬಿಟ್ಟಿದ್ದಾರೆ."

ಅವರು ಕನ್ನಡಕ ತೆಗೆದು, "ನಾನು ಮುಚ್ಚಿಡುತ್ತಿದ್ದೇನೆ ಎಂದುಕೊಂಡಿದ್ದೀರಾ?" ಎಂದರು. "ನನಗೆ ಬರುವುದೂ ಇಂಥ ಮೇಲ್‌ಗಳೇ. ಹೆಡ್ ಆಫೀಸಿನವರು ಇದನ್ನು ಕಳಿಸಿದರು, ನಾನು ನಿಮಗೆ ಕೊಟ್ಟೆ. ಸಪೋರ್ಟ್ ತಂಡವನ್ನು ಬೇರೆ ದೇಶಕ್ಕೆ ಸಾಗಿಸುವ ಯೋಚನೆ ಇದೆ ಎಂದು ಮೊನ್ನೆ ಫೋನಿನಲ್ಲಿ ಹೇಳಿದರು, ಅಷ್ಟೇ. ನನ್ನ ಕುರ್ಚಿ ಇರುತ್ತದೋ ಇಲ್ಲವೋ ನನಗೂ ಗೊತ್ತಿಲ್ಲ."

ನಂಬುವುದೋ ಬಿಡುವುದೋ ತಿಳಿಯಲಿಲ್ಲ. ಮುಖ ನೋಡಿದರೆ ನಿಜ ಅನ್ನಿಸುತ್ತಿತ್ತು. ಆದರೆ ನಿಜದ ಮುಖ ಮಾಡುವುದನ್ನು ದೊಡ್ಡ ಕುರ್ಚಿಯವರಿಗೆ ಕಲಿಸಬೇಕಾಗಿಲ್ಲ.

"ಹಾಗಾದರೆ ಅದನ್ನೇ ಬರೆಯೋಣ" ಎಂದೆ.

ಅಲ್ಲೇ ಅವರ ಎದುರು ಕೂತು, ಅವರ ಹೆಸರಿನಲ್ಲಿ ಬರೆದೆ. ಸಪೋರ್ಟ್ ತಂಡವನ್ನು ಬೇರೆ ದೇಶಕ್ಕೆ ಸಾಗಿಸಬೇಕೇ ಎಂದು ಹೆಡ್ ಆಫೀಸಿನವರು ಯೋಚಿಸುತ್ತಿದ್ದಾರೆ. ಅವರು ಇನ್ನೂ ತೀರ್ಮಾನಿಸಿಲ್ಲ. ಯಾವಾಗ ತೀರ್ಮಾನಿಸುತ್ತಾರೆ ಎಂದು ನನಗೆ ಗೊತ್ತಿಲ್ಲ. ಪ್ರತಿ ಶುಕ್ರವಾರ ನಾನು ನಿಮಗೆ ಬರೆಯುತ್ತೇನೆ, ಹೊಸ ವಿಷಯ ಇಲ್ಲದಿದ್ದರೂ. ಅಷ್ಟೇ. ಅವರು ಓದಿದರು, ಇನ್ನೊಮ್ಮೆ ಓದಿದರು. 'ನನಗೆ ಗೊತ್ತಿಲ್ಲ' ಎಂಬಲ್ಲಿ ಬೆರಳಿಟ್ಟು, "ನಿರ್ದೇಶಕ ಹೀಗೆ ಬರೆಯಬಹುದಾ?" ಎಂದು ಕೇಳಿದರು. ಗೊತ್ತಿಲ್ಲದಿದ್ದರೆ ಬರೆಯಬಹುದು ಎಂದೆ. ಒಂದು ಅಕ್ಷರವನ್ನೂ ಬದಲಿಸದೆ ಕಳಿಸಿದರು.

ಜನರಿಗೆ ಸಮಾಧಾನ ಆಗುತ್ತದೆ, ನನ್ನ ಮೇಲಿನ ಸಂಶಯವೂ ಹೋಗುತ್ತದೆ ಎಂದುಕೊಂಡಿದ್ದೆ. ಆದದ್ದೇ ಬೇರೆ. ಆ ಸಂಜೆ ಗೆಳತಿ ಫೋನ್ ಮಾಡಿದರು, ಎಷ್ಟೋ ದಿನಗಳ ಮೇಲೆ.

"ಯಾರ್ರೀ ಹಂಗೆ ಬರೀತಾರೆ? ಡೈರೆಕ್ಟರ್ ಆದವ್ರು ನಂಗೊತ್ತಿಲ್ಲ ಅಂತ ಮೇಲ್ ಹಾಕ್ತಾರಾ? ಇಷ್ಟು ನೇರವಾಗಿ ಇದೆ ಅಂದ್ರೇನೇ ಒಳಗೆ ಏನೋ ದೊಡ್ಡದು ಇದೆ ಅಂತ."

"ಇಲ್ಲ ಮಾರಾಯ್ರೆ, ಅದರಲ್ಲಿ ಇದ್ದದ್ದು ಅಷ್ಟೇ."

"ನೀವು ಹಂಗೇ ಹೇಳ್ಬೇಕು ಬಿಡಿ."

"ಹಾಗಂದ್ರೆ ಎಂತ?"

"ಏನಿಲ್ಲ ಕಣ್ರೀ" ಎಂದು ಫೋನ್ ಇಟ್ಟರು.

ಒಂದು ಶುಕ್ರವಾರ ಬಂತು. ಹೊಸ ವಿಷಯ ಇಲ್ಲ ಎಂದು ಬರೆದೆವು. ಇನ್ನೊಂದು ಬಂತು, ಮತ್ತೆ ಅದೇ. ನಿಧಾನವಾಗಿ ಪ್ಯಾಂಟ್ರಿಯಲ್ಲಿ ಜನ ನನ್ನ ಎದುರಿಗೂ ಮಾತಾಡಲು ಶುರು ಮಾಡಿದರು. ಶುಕ್ರವಾರ ಮಧ್ಯಾಹ್ನ ಮೇಲ್ ಸ್ವಲ್ಪ ತಡವಾದರೆ ಯಾರೋ ಬಂದು, ಏನೂ ಇಲ್ಲ ಎನ್ನುವ ಮೇಲ್ ಇನ್ನೂ ಬಂದಿಲ್ಲವಲ್ಲ ಎಂದು ಕೇಳುವಷ್ಟಾಯಿತು. ಗೆಳತಿ ಮಾತ್ರ ಒಬ್ಬರೇ ಕಾರು ಓಡಿಸಿಕೊಂಡು ಬರುತ್ತಿದ್ದರು. ನಾನೂ ಕರೆಯಲಿಲ್ಲ. ಬಾಂಗ್ಸಾರ್‌ನಲ್ಲಿ ಕಂಡದ್ದನ್ನು ಮರೆತಿರಲಿಲ್ಲ.

ಆಮೇಲೆ ಒಂದು ಬುಧವಾರ ಮಧ್ಯಾಹ್ನ ತೀರ್ಮಾನ ಬಂತು. ಸಪೋರ್ಟ್ ತಂಡ ಪೂರ್ತಿಯಾಗಿ ಬೇರೆ ದೇಶಕ್ಕೆ ಹೋಗುತ್ತದೆ. ನನ್ನ ಹುದ್ದೆ ಉಳಿಯುತ್ತದೆ. ಹೆಡ್ ಆಫೀಸಿನ ಕರಡು ನೋಡಿದೆ. ಹಳೆಯ ಧಾಟಿಯೇ. ಕುಟುಂಬ ಇರುವವರ ವಿಷಯಕ್ಕೆ ಒಂದೇ ಸಾಲು: 'ಅಗತ್ಯವಿದ್ದಲ್ಲಿ ಪ್ರಕರಣವಾರು ನೆರವನ್ನು ಪರಿಗಣಿಸಲಾಗುವುದು.'

"ಯಾವ ನೆರವು?" ಎಂದು ನಿರ್ದೇಶಕರನ್ನು ಕೇಳಿದೆ. "ಶಾಲೆಗೆ ಹೋಗುವ ಮಕ್ಕಳ ಪಾಸ್ ಯಾವಾಗ ರದ್ದಾಗುತ್ತದೆ? ಪರೀಕ್ಷೆ ಮುಗಿಯುವವರೆಗೆ ಇರಬಹುದೋ ಇಲ್ಲವೋ? ಇದಕ್ಕೆ ಉತ್ತರ ಇಲ್ಲದೆ ಈ ಸಾಲನ್ನು ನಾನು ಬರೆಯುವುದು ಹೇಗೆ?"

"ಅವರು ಅದನ್ನು ಯೋಚಿಸಿಯೇ ಇಲ್ಲ ಅಂತ ಕಾಣುತ್ತದೆ."

"ಕೇಳಿ."

ಅವರು ನನ್ನೆದುರೇ ಫೋನ್ ಮಾಡಿದರು. ಆ ಕಡೆಯವರು ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಈ ಕಡೆ ಇವರು ಒಂದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಕೇಳುತ್ತಿದ್ದರು: ಇದನ್ನು ಓದಿದ ತಾಯಿಯೊಬ್ಬಳು ನನ್ನ ಕೋಣೆಗೆ ಬಂದರೆ ನಾನು ಏನು ಹೇಳಲಿ? ಆಮೇಲೆ ಸಾಯಂಕಾಲದವರೆಗೆ ಕಾದೆವು. ಉತ್ತರ ಬಂತು. ಶಾಲೆಗೆ ಹೋಗುವ ಮಕ್ಕಳಿರುವ ಸಿಬ್ಬಂದಿಯನ್ನು ಶಾಲೆಯ ವರ್ಷ ಮುಗಿಯುವವರೆಗೆ ಕಂಪನಿ ಕೆಲಸದಲ್ಲಿ ಇರಿಸಿಕೊಳ್ಳುತ್ತದೆ, ಅಲ್ಲಿಯವರೆಗೆ ಪಾಸ್ ರದ್ದು ಮಾಡುವುದಿಲ್ಲ. ನಾನು ಹಾಗೆಯೇ ಬರೆದೆ. ಮರುದಿನ ಹತ್ತು ಗಂಟೆಗೆ ಕಳಿಸುವುದೆಂದಾಯಿತು. ಅದಕ್ಕೆ ಮೊದಲು ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟು ಮನೆಗೆ ಹೊರಟೆ.

ಅದೇ ಸಂಜೆ, ಅಡುಗೆಗೆ ಈರುಳ್ಳಿ ಹೆಚ್ಚುತ್ತಿದ್ದಾಗ, ಗೆಳತಿಯ ಸಂದೇಶ ಬಂತು: 'ನಾಳೆ ಒಟ್ಟಿಗೆ ಹೋಗೋಣ್ವಾ? ತುಂಬಾ ದಿನ ಆಯ್ತು.'

ಈರುಳ್ಳಿಯ ಕಣ್ಣೀರು ಒರೆಸಿಕೊಂಡು ಮತ್ತೆ ಓದಿದೆ. ಇವರಿಗೆ ಸುಳಿವು ಸಿಕ್ಕಿದೆ, ನನ್ನ ಬಾಯಿ ಬಿಡಿಸಲು ಕರೆಯುತ್ತಿದ್ದಾರೆ ಎಂಬುದೇ ನನ್ನ ಮೊದಲ ಯೋಚನೆ. ಆಗಲ್ಲ ಎಂದು ಬರೆಯಲು ಹೋದೆ. ನಾಳೆ ಅವರ ಕೆಲಸ ಹೋಗುವ ದಿನ ಎಂಬುದು ಆಗ ನೆನಪಾಗಿ, 'ಬನ್ನಿ, ನನ್ನ ಕಾರಲ್ಲಿ ಹೋಗುವ' ಎಂದು ಕಳಿಸಿದೆ.

ಬೆಳಿಗ್ಗೆ ಅವರು ಡಬ್ಬಿಯಲ್ಲಿ ಚಿತ್ರಾನ್ನ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತರು. ಪುಚೊಂಗ್ ದಾಟುವವರೆಗೆ ಮಗಳ ಪರೀಕ್ಷೆ, ಗಂಡನ ಬೆನ್ನುನೋವು ಎಂದು ಮಾತಾಡಿದರು. ನಾನು ಹೂಂ ಎನ್ನುತ್ತಿದ್ದೆ. ಎರಡು ಸಲ ಗೊತ್ತಿದ್ದ ದಾರಿಯಲ್ಲೇ ತಪ್ಪು ಲೇನ್ ಹಿಡಿದೆ. ಎರಡನೆಯ ಸಲ ಅವರು ಮಾತು ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಇವತ್ತಾ?"

ನಾನು ರಸ್ತೆ ನೋಡುತ್ತಿದ್ದೆ.

"ಬೇಡ, ಹೇಳ್ಬೇಡಿ" ಎಂದರು ಅವರೇ. "ನೀವು ಮಾತು ಕೊಟ್ಟಿರ್ತೀರಾ. ನನ್ನಿಂದ ನಿಮ್ಗೆ ತೊಂದ್ರೆ ಆಗೋದು ಬೇಡ." ಡಬ್ಬಿಯನ್ನು ಮಡಿಲಲ್ಲಿ ಸರಿಮಾಡಿಕೊಂಡು ಕೇಳಿದರು, "ಒಂದೇ ಒಂದು ಹೇಳಿ. ಸ್ಪಷ್ಟವಾಗಿ ಬರ್ದಿದೀರಾ?"

"ಬರ್ದಿದ್ದೇನೆ."

"ಸಾಕು."

ಆಮೇಲೆ ಅವರು ತಾವಾಗಿಯೇ ಶುರು ಮಾಡಿದರು. ಬಾಂಗ್ಸಾರ್‌ನ ಒಂದು ಕಂಪನಿಯಲ್ಲಿ ಇಂಟರ್‌ವ್ಯೂ ಕೊಡುತ್ತಿದ್ದೇನೆ, ನಿಮಗೆ ಹೇಳಿದರೆ ಡೈರೆಕ್ಟರ್‌ಗೆ ಗೊತ್ತಾಗುತ್ತದೆ ಎಂದು ಹೆದರಿದ್ದೆ ಎಂದರು. ಮಾಮಕ್‌ನಲ್ಲಿ ಎಚ್‌ಆರ್‌ನವರ ಹತ್ತಿರ ಕೇಳಿದ್ದು ಮಗಳ ಪಾಸಿನ ವಿಷಯವಂತೆ. ಅವರಿಗೂ ಉತ್ತರ ಗೊತ್ತಿರಲಿಲ್ಲವಂತೆ.

"ನಾನು ನಿಮ್ಮ ಜೊತೆ ಮಾತಾಡಿದ್ದೇನಾ ಅಂತ ಅವ್ರು ನನ್ನ ಕರ್ದು ಕೇಳಿದ್ರು" ಎಂದೆ. "ಅದು ನೀವು ಹೇಳಿದ್ದಾ?"

"ನಾನಾ? ಅಯ್ಯೋ, ದೇವ್ರಾಣೆ ಇಲ್ಲ ಕಣ್ರೀ. ನನ್ನೂ ಕರ್ದು ಅದನ್ನೇ ಕೇಳಿದ್ರು. ನೀವೇ ಹೇಳಿರ್ಬೇಕು ಅಂತ ನಾನು ಅಂದ್ಕೊಂಡಿದ್ದೆ."

ಕೆಂಪು ದೀಪದಲ್ಲಿ ಕಾರು ನಿಂತಿತು. ಇಬ್ಬರಿಗೂ ನಗು ಬಂತು. ಅವರು ನಗುತ್ತಲೇ ಕಣ್ಣು ಒರೆಸಿಕೊಂಡರು. ಬಾಂಗ್ಸಾರ್‌ನಲ್ಲಿ ಅವರನ್ನು ಕಂಡದ್ದನ್ನು, ಕಂಬದ ಹಿಂದೆ ನಿಂತದ್ದನ್ನು ಹೇಳಿಬಿಡಬೇಕು ಎಂದು ಬಾಯಿಗೆ ಬಂತು. ಹಸಿರು ದೀಪ ಬಿತ್ತು, ಹೇಳಲಿಲ್ಲ.

ಹತ್ತು ಗಂಟೆಗೆ ಮೇಲ್ ಹೋಯಿತು. ಇಡೀ ಮಹಡಿಯಲ್ಲಿ ಕೀಬೋರ್ಡಿನ ಸದ್ದು ನಿಂತಿತು. ನಾನು ತಲೆ ಎತ್ತಲಿಲ್ಲ. ಗೆಳತಿ ತಮ್ಮ ಜಾಗದಿಂದ ಎದ್ದು, ಎಲ್ಲರ ನಡುವೆ ನಡೆದು ಬಂದು ನನ್ನ ಮೇಜಿನ ಮೇಲೆ ಕೈ ಊರಿ ನಿಂತರು.

"ಒಂದೇ ಸಲಕ್ಕೆ ಅರ್ಥ ಆಯ್ತು ಕಣ್ರೀ" ಎಂದರು ಕನ್ನಡದಲ್ಲಿ.

ನನ್ನ ಕೆಲಸಕ್ಕೆ ಅದಕ್ಕಿಂತ ದೊಡ್ಡ ಹೊಗಳಿಕೆ ಸಿಕ್ಕಿಲ್ಲ, ಅಂಥ ಹೊಗಳಿಕೆ ಇನ್ನೊಮ್ಮೆ ಬೇಡ ಎಂದೂ ಅನ್ನಿಸಿದೆ.

ಅವರ ಮಗಳು ಪರೀಕ್ಷೆ ಬರೆದಳು. ಶಾಲೆಯ ವರ್ಷ ಮುಗಿಯುವ ಮೊದಲು ಬಾಂಗ್ಸಾರ್‌ನ ಕಂಪನಿ ಅವರಿಗೆ ಕೆಲಸ ಕೊಟ್ಟು ಹೊಸ ಪಾಸ್ ಮಾಡಿಸಿತು. ಈಗ ಅವರು ಎಲ್‌ಆರ್‌ಟಿ ರೈಲಿನಲ್ಲಿ ಹೋಗುತ್ತಾರೆ, ನಾನು ಒಬ್ಬಳೇ ಸೈಬರ್‌ಜಯಾಕ್ಕೆ ಕಾರು ಓಡಿಸುತ್ತೇನೆ. ನಮ್ಮ ನಿರ್ದೇಶಕರ ಕುರ್ಚಿಯೂ ಹೋಗಲಿಲ್ಲ. ಬದಲಿಗೆ ಕೆಲವೇ ತಿಂಗಳಲ್ಲಿ ಅವರು ಹೆಡ್ ಆಫೀಸಿಗೆ, ಇನ್ನೂ ದೊಡ್ಡ ಹುದ್ದೆಗೆ ಹೋದರು. ಬೀಳ್ಕೊಡುಗೆಯ ಊಟದಲ್ಲಿ ನಾನು ಅವರ ಪಕ್ಕ ಕೂತಿದ್ದೆ. ಧೈರ್ಯ ಮಾಡಿ, "ನಿಜವಾಗಿ ನಿಮಗೆ ಮೊದಲೇ ಗೊತ್ತಿರಲಿಲ್ಲವೇ?" ಎಂದು ಕೇಳಿದೆ. ಅವರು ನನ್ನ ತಟ್ಟೆಗೆ ಮೀನು ಬಡಿಸಿ, "ಮಕಾನ್, ಮಕಾನ್. ತಿನ್ನಿ, ಬಿಸಿ ಇರುವಾಗಲೇ ತಿನ್ನಿ" ಎಂದರು.

ಇತ್ತೀಚೆಗೆ ಒಂದು ಶನಿವಾರ ಪುಚೊಂಗ್‌ನ ತಮಿಳರ ಹೋಟೆಲಿನಲ್ಲಿ ಗೆಳತಿಯ ಜೊತೆ ದೋಸೆ ತಿನ್ನುವಾಗ ಈ ಮಾತು ಬಂತು.

"ಆ ಮನುಷ್ಯಂಗೆ ಎಲ್ಲಾ ಗೊತ್ತಿತ್ತು ಕಣ್ರೀ, ಮೊದ್ಲಿಂದ್ಲೂ" ಎಂದರು ಅವರು.

"ಇರ್ಲಿಕ್ಕಿಲ್ಲ ಅಂತ ನಂಗೆ ಕಾಣ್ತದೆ. ನನ್ನೆದುರೇ ಫೋನ್ ಮಾಡಿದ್ರು ಅಲ್ವಾ?"

"ಆ ಕಡೆ ಯಾರಾದ್ರೂ ಇದ್ರಾ, ನೀವು ಕೇಳಿಸ್ಕೊಂಡ್ರಾ?"

ನಾನು ಕೇಳಿಸಿಕೊಂಡಿರಲಿಲ್ಲ.

"ಹೋಗ್ಲಿ ಬಿಡಿ" ಎಂದು ಅವರು ಚಟ್ನಿಯ ಬಟ್ಟಲನ್ನು ನನ್ನ ಕಡೆ ಸರಿಸಿದರು. "ಅಷ್ಟು ವರ್ಷ ಅವ್ರ ಬಾಯಿ ಆಗಿದ್ದೋರು ನೀವು. ನಿಮ್ಗೆ ನಂಬಿಕೆ ಇರ್ಲೇಬೇಕು."

ಅವರು ನಕ್ಕರು, ನಾನೂ ನಕ್ಕೆ. ಬಿಲ್ ಕೊಟ್ಟು ಹೊರಗೆ ಬಂದು, ಅವರು ಆ ಕಡೆ ನಾನು ಈ ಕಡೆ ಹೊರಟೆವು. ಮನೆಯ ಲಿಫ್ಟಿನಲ್ಲಿ ನಿಂತಾಗ ಆ 'ಬಾಯಿ' ಎಂಬ ಮಾತು ಮತ್ತೆ ಕಿವಿಯಲ್ಲಿ ಸುಳಿಯಿತು. ಮೊದಲಿಂದಲೂ ಎಲ್ಲ ಗೊತ್ತಿತ್ತು ಎಂದು ಅವರು ಹೇಳಿದ್ದು ನಿರ್ದೇಶಕರ ಬಗ್ಗೆಯೋ, ನನ್ನ ಬಗ್ಗೆಯೋ?